ಐದು ಬಸ್ಸುಗಳ ಬೋರ್ಡು

ಜನವರಿ 9

ತಮ್ಮಾ,

ಕ್ಷೇಮ ಸಮಾಚಾರ ಆಮೇಲೆ. ಫೋನಿನಲ್ಲಿ ನಿನ್ನ ‘ಹೂಂ’ ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇವತ್ತು ಬೆಳಿಗ್ಗೆ ರೈಲು ನಿಲ್ದಾಣದ ಮುಂದೆ ಪೇಪರಿನವನ ಹತ್ತಿರ ನಿಂತೇ ಸುದ್ದಿ ಓದಿದೆ. ಬಸ್ ಪರ್ಮಿಟ್ ರದ್ದು! ಇನ್ನು ಯಾರು ಬೇಕಾದರೂ, ಯಾವ ರಸ್ತೆಯಲ್ಲಿ ಬೇಕಾದರೂ, ಎಷ್ಟು ದರಕ್ಕೆ ಬೇಕಾದರೂ ಬಸ್ ಓಡಿಸಬಹುದು. ಈ ಕಾನೂನಿನ ಕರಡು ಬರೆದವನು ನನ್ನ ತಮ್ಮ ಎಂದು ಪೇಪರಿನವನಿಗೆ ಹೇಳಿದೆ. “ಹಾಗಾದ್ರೆ ಇವತ್ತಿನ ಪೇಪರ್ ನಿಮ್ಗೆ ಪುಕ್ಕಟೆ” ಎಂದ. ನೋಡು, ನಿನ್ನ ಕಾನೂನಿನ ಮೊದಲ ಲಾಭ ನನಗೇ.

ಆ ಪರ್ಮಿಟ್ ಕಚೇರಿಯ ಬೆಂಚನ್ನು ಸವೆಸಿದವಳು ನಾನು. ಹಸಿರು ಬಸ್ಸು ಮನೆಯ ಮುಂದೆ ತಯಾರಾಗಿ ನಿಂತಿತ್ತು, ಪರ್ಮಿಟ್ ಇರಲಿಲ್ಲ, ಒಂದು ವರ್ಷ ಅದರ ಮೇಲೆ ಬಟ್ಟೆ ಒಣಗಿಸಿದೆ. ಆಗಲೇ ಓಡಿಸುತ್ತಿದ್ದ ನಾಲ್ವರು ಮಾಲೀಕರು ‘ಈ ರಸ್ತೆಗೆ ನಾಲ್ಕೇ ಬಸ್ಸು ಸಾಕು’ ಎಂದು ಅರ್ಜಿ ಹಾಕಿದ್ದರಲ್ಲ! ರಸ್ತೆಯೇನು ಅವರ ತಾತ ಬರೆದಿಟ್ಟು ಹೋದ ಆಸ್ತಿಯೇ? ಐದನೆಯವಳಾಗಿ ಒಳಗೆ ಬರಲು ನಾನು ಪಟ್ಟ ಪಾಡು ಇನ್ನು ಯಾರೂ ಪಡಬೇಕಾಗಿಲ್ಲ. ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು.

ಇನ್ನೊಂದು ಸುದ್ದಿ. ನಮ್ಮ ಕಂಡಕ್ಟರ್ ಶಿಳ್ಳೆ ಕೆಲಸ ಬಿಟ್ಟ. ಗಂಟೆಯ ಹಗ್ಗ ಎಳೆಯುವ ಬದಲು ಬಾಯಲ್ಲೇ ಶಿಳ್ಳೆ ಹೊಡೆದು ಬಸ್ ಬಿಡಿಸುತ್ತಿದ್ದನಲ್ಲ, ಅವನೇ. ಸ್ವಂತ ಬಸ್ಸು ತರುತ್ತಾನಂತೆ, ಅದೂ ನಮ್ಮ ರಸ್ತೆಗೇ. ಅವನಿಗೆ ಚಿಲ್ಲರೆ ಎಣಿಸುವುದರಿಂದ ಹಿಡಿದು ಎಲ್ಲ ಕಲಿಸಿದವಳು ನಾನು. “ಒಳ್ಳೇದಾಗ್ಲಿ ಕಣೋ” ಎಂದೆ. ಎರಡು ಸಲ ಹೇಳಬೇಕಾಯಿತು, ಮೊದಲನೆಯದು ನನಗೇ ಕೇಳಿಸಲಿಲ್ಲ.

ಪ್ರತಿ ಬಸ್ಸನ್ನೂ ಅದರ ಹೊತ್ತಿಗೇ ಬಿಡುತ್ತಿದ್ದ, ಮುಂಚೆ ಹೊರಟರೆ ದಂಡ ಹಾಕುತ್ತಿದ್ದ ಸರ್ಕಾರಿ ಟೈಂಕೀಪರ್, ಅದೇ ನಮ್ಮ ಗಡಿಯಾರದಜ್ಜ, ಅವರ ಕೆಲಸವೂ ಹೋಯಿತಂತೆ. ನಿನ್ನ ಭಾವ ಇಷ್ಟು ವರ್ಷ ಸ್ಟಿಯರಿಂಗ್ ಹಿಡಿದರೂ ಮಾತಿನಲ್ಲಿ ಮೊದಲ ಗೇರು ದಾಟದ ಮನುಷ್ಯ. ಸುದ್ದಿ ಕೇಳಿ ಒಂದೇ ಪ್ರಶ್ನೆ ಹಾಕಿದರು: “ಹಾಗಾದ್ರೆ ನಾಳೆಯಿಂದ ಸ್ಟಾಪಲ್ಲಿ ಯಾರು ಮೊದಲು?” ಉತ್ತರ ಬರೆ. ಇಲ್ಲದಿದ್ದರೆ ಊಟಕ್ಕೆ ಕೂತಾಗಲೆಲ್ಲ ನನ್ನನ್ನೇ ಕೇಳುತ್ತಾರೆ.

ನಿನ್ನ ಅಕ್ಕ

ಜನವರಿ 27

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದವನ್ನು ಕಚೇರಿಯಲ್ಲೇ ಓದಿ ನಕ್ಕೆ. ಬಸ್ಸಿನ ಮೇಲೆ ಒಣಗುತ್ತಿದ್ದ ಬಟ್ಟೆಯನ್ನು ನಾನು ಮರೆತಿಲ್ಲ. ನಿಜ ಹೇಳಬೇಕೆಂದರೆ ಕರಡಿನ ಮೊದಲ ಪುಟ ಬರೆಯುವಾಗ ಕಣ್ಣ ಮುಂದೆ ಇದ್ದದ್ದು ಅದೇ.

ಬೆಲೆ ಎಂದರೆ ಒಂದು ಸುದ್ದಿ, ಅಕ್ಕ. ಒಂದು ರಸ್ತೆಯಲ್ಲಿ ದರ ಏರಿದರೆ ಅಲ್ಲಿ ಬಸ್ಸು ಸಾಲದು ಎಂದು ಅರ್ಥ. ಆ ಸುದ್ದಿ ಕೇಳಿದವನು ಬಸ್ಸು ತರುತ್ತಾನೆ, ದರ ತಾನಾಗಿ ಇಳಿಯುತ್ತದೆ. ನಾವು ಇಲ್ಲಿ ಕೂತು ದರ ಗೊತ್ತುಮಾಡಿದರೆ ಸುದ್ದಿಯ ಬಾಯಿ ಕಟ್ಟಿದಂತೆ. ಎಲ್ಲೋ ಒಂದು ಊರಿನ ಸ್ಟಾಪಿನಲ್ಲಿ ಎಷ್ಟು ಜನ ಕಾಯುತ್ತಿದ್ದಾರೆಂದು ನನ್ನ ಮೇಜಿಗೆ ಹೇಗೆ ಗೊತ್ತಾಗಬೇಕು? ರಸ್ತೆ ಸರಿಯಾಗಿಡು, ಕಳ್ಳರನ್ನು ಹಿಡಿ, ಉಳಿದದ್ದರಲ್ಲಿ ಮೂಗು ತೂರಿಸಬೇಡ, ಪೇಟೆಯನ್ನು ಅದರಷ್ಟಕ್ಕೆ ಬಿಡು. ಸರ್ಕಾರಕ್ಕೆ ನಾನು ಹೇಳಿದ್ದು ಇಷ್ಟೇ, ಅದಕ್ಕೆ ನೂರು ಪುಟ ಬೇಕಾಯಿತು.

ಭಾವನ ಪ್ರಶ್ನೆಗೆ ಉತ್ತರ ಸುಲಭ. ಯಾರಿಗೆ ಪ್ರಯಾಣಿಕರು ಹೆಚ್ಚು ಬೇಕೋ ಅವರು ಮೊದಲು.

ನನಗೆ ವರ್ಗವಾಗಿದೆ. ಹೊಸದಾಗಿ ತೆರೆದಿರುವ ಸ್ಪರ್ಧಾ ವಿಭಾಗಕ್ಕೆ ಉಪನಿರ್ದೇಶಕ. ಬಾಗಿಲು ತೆಗೆದ ಮೇಲೆ ಒಳಗಿನವರು ಕೈ ಕೈ ಹಿಡಿದು ಮತ್ತೆ ಬಾಗಿಲು ಹಾಕದಂತೆ ನೋಡಿಕೊಳ್ಳುವ ಕೆಲಸ. ಸದ್ಯಕ್ಕೆ ಕುರ್ಚಿ ದೊಡ್ಡದು, ಫೈಲು ಒಂದೂ ಇಲ್ಲ. ಮುಂದಿನ ತಿಂಗಳು ಊರಿಗೆ ಬರಲು ನೋಡುತ್ತೇನೆ.

ನಿನ್ನ ತಮ್ಮ

ಏಪ್ರಿಲ್ 2

ತಮ್ಮಾ,

‘ಮುಂದಿನ ತಿಂಗಳು’ ಬಂದು ಹೋಯಿತು, ನೀನು ಬರಲಿಲ್ಲ. ಇರಲಿ, ದೊಡ್ಡ ಕುರ್ಚಿಯಿಂದ ಏಳುವುದು ಕಷ್ಟ ಎಂದು ಕೇಳಿದ್ದೇನೆ.

ನೀನು ಬರೆದ ಹಾಗೆಯೇ ಆಗಿದೆ. ದರ ಅರ್ಧಕ್ಕೆ ಇಳಿದಿದೆ. ಗಿರಣಿಗೆ ನಡೆದುಕೊಂಡು ಹೋಗುತ್ತಿದ್ದ ಹೆಣ್ಣುಮಕ್ಕಳು ಈಗ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ಜಗಳವಾಡುತ್ತಾರೆ. ಹಳೆಯ ನಾಲ್ವರು ಮಾಲೀಕರಲ್ಲಿ ಇಬ್ಬರು ಜೀವಮಾನದಲ್ಲಿ ಮೊದಲ ಸಲ ಬಸ್ಸು ತೊಳೆಸಿದ್ದಾರೆ. ಒಬ್ಬ ಸೀಟಿಗೆ ಹೊಸ ಸ್ಪಂಜು ಹಾಕಿಸಿದ್ದಾನೆ. ಇದನ್ನೆಲ್ಲ ಯಾವ ಇನ್‌ಸ್ಪೆಕ್ಟರನ ಬೈಗುಳವೂ ಮಾಡಿಸಿರಲಿಲ್ಲ. ಒಪ್ಪಿದೆ ನಿನ್ನನ್ನು.

ಆದರೆ ಭಾವನ ಪ್ರಶ್ನೆಗೆ ನೀನು ಕೊಟ್ಟ ಉತ್ತರ ರಸ್ತೆಗೆ ಬಂದಿದೆ. ಮುಂದಿರುವ ಬಸ್ಸಿಗೆ ಮುಂದಿನ ಸ್ಟಾಪಿನ ಜನವೆಲ್ಲ, ಹಿಂದಿರುವವನಿಗೆ ಖಾಲಿ ಕಟ್ಟೆ. ಹೀಗಾಗಿ ಆರು ಬಸ್ಸೂ ಮುಂದೇ ಇರಬೇಕು. ಒಬ್ಬ ಐದು ನಿಮಿಷ ಮುಂಚೆ ಹೊರಟರೆ ಇನ್ನೊಬ್ಬ ಹತ್ತು ನಿಮಿಷ ಮುಂಚೆ ಹೊರಡುತ್ತಾನೆ. ಒಮ್ಮೊಮ್ಮೆ ಆರೂ ಒಟ್ಟಿಗೆ ಮದುವೆ ದಿಬ್ಬಣದ ಹಾಗೆ ಬರುತ್ತವೆ, ಆಮೇಲೆ ಒಂದು ಗಂಟೆ ಒಂದೂ ಇಲ್ಲ. ಶಿಳ್ಳೆಯ ನೀಲಿ ಬಸ್ಸು ಹಳೆಯದಾದರೂ ಅವನ ಕಾಲು ಆಕ್ಸಿಲರೇಟರಿನ ಮೇಲೇ ಹುಟ್ಟಿದ ಹಾಗಿದೆ. ನಾನು ಈಗ ಮುಂದಿನ ಸೀಟಿನಲ್ಲಿ ಕೂತು ಟಿಕೆಟ್ ಕೊಡುತ್ತೇನೆ. ನಿಜ ಹೇಳಲೇ? ಅವನನ್ನು ಹಿಂದೆ ಹಾಕಿದ ದಿನ ಊಟ ಎರಡು ತುತ್ತು ಹೆಚ್ಚು ಸೇರುತ್ತದೆ.

ಒಂದು ಮಾತ್ರ ಮನಸ್ಸಿಗೆ ಚುಚ್ಚುತ್ತಿದೆ. ಆಸ್ಪತ್ರೆ ಸ್ಟಾಪಿನಲ್ಲಿ ಕೋಲು ಹಿಡಿದ ಒಬ್ಬ ಅಜ್ಜಿ ಕೈ ಅಡ್ಡ ಹಿಡಿದರು. ಅವರು ಹತ್ತುವುದು ನಿಧಾನ. ಮೂರು ಬಸ್ಸು ನಿಲ್ಲದೆ ಹೋದವು. ನಾಲ್ಕನೆಯದು ನಮ್ಮದು. ನಾವೂ ನಿಲ್ಲಲಿಲ್ಲ, ಹಿಂದೆ ಶಿಳ್ಳೆ ಇದ್ದ.

ನಿನ್ನ ಅಕ್ಕ

ಏಪ್ರಿಲ್ 20

ಪ್ರೀತಿಯ ಅಕ್ಕನಿಗೆ,

ಗಿರಣಿಯ ಹೆಣ್ಣುಮಕ್ಕಳ ವಿಷಯವನ್ನು ಮೊನ್ನೆ ಒಂದು ಸಭೆಯಲ್ಲಿ ಹೇಳಿದೆ. ‘ನನ್ನ ಸೋದರಿಯೊಬ್ಬರು ಬರೆಯುತ್ತಾರೆ’ ಎಂದೇ ಶುರುಮಾಡಿದೆ. ಚಪ್ಪಾಳೆ ಬಿತ್ತು. ನಿರ್ದೇಶಕರು ಆಮೇಲೆ ಕೈ ಕುಲುಕಿ, “ನಿಮ್ಮ ಅಕ್ಕ ನಮ್ಮ ಇಲಾಖೇಲಿ ಇರ್ಬೇಕಿತ್ತು ಕಣ್ರೀ” ಎಂದರು.

ಅಜ್ಜಿಯ ವಿಷಯ ಓದಿದೆ. ಇದು ಮೊದಮೊದಲಿನ ತೊಡಕು. ನಿಧಾನವಾಗಿ ಹತ್ತುವವರು ಸಾಕಷ್ಟಿದ್ದರೆ ಅವರಿಗಾಗಿಯೇ ನಿಲ್ಲುವ ಬಸ್ಸನ್ನು ಯಾರಾದರೂ ತಂದೇ ತರುತ್ತಾರೆ. ಸ್ವಲ್ಪ ಕಾಲ ಕೊಡಬೇಕು. ಈ ತಿಂಗಳು ಕೆಲಸ ಜಾಸ್ತಿ, ಇಷ್ಟಕ್ಕೇ ಮುಗಿಸುತ್ತೇನೆ.

ನಿನ್ನ ತಮ್ಮ

ಜೂನ್ 30

ತಮ್ಮಾ,

ಇಷ್ಟು ದಿನ ಬರೆಯಲಾಗಲಿಲ್ಲ. ನಿನ್ನ ಭಾವ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಾರೆ. ಎರಡು ಕಡೆ ಮುರಿದಿದೆ. ಕಬ್ಬಿಣದ ಸರಳು ಹಾಕಿದ್ದಾರೆ. ಗಾಬರಿಯಾಗಬೇಡ. ಮಂಚದ ಮೇಲೆ ಮಲಗಿ ಕಿಟಕಿಯಿಂದ ರಸ್ತೆ ನೋಡುತ್ತಿರುತ್ತಾರೆ. ಬಸ್ಸು ಗ್ಯಾರೇಜಿನಲ್ಲಿದೆ, ಬಣ್ಣ ಹೊಡೆಸುತ್ತಿದ್ದೇವೆ.

ಒಂದು ಮಾತು ಕೇಳಬೇಕಿತ್ತು. ಬಸ್ಸಿನವರೆಲ್ಲ ಸೇರಿ, ಸರ್ಕಾರದ ಹಂಗಿಲ್ಲದೆ, ನಮ್ಮ ನಮ್ಮಲ್ಲೇ ಒಂದು ವ್ಯವಸ್ಥೆ ಮಾಡಿಕೊಂಡರೆ ನಿಮ್ಮ ಹೊಸ ಕಾನೂನಿಗೆ ಸಿಟ್ಟು ಬರುವುದಿಲ್ಲ ತಾನೆ? ಬೇಗ ಬರೆ.

ನಿನ್ನ ಅಕ್ಕ

ಜುಲೈ 8

ಪ್ರೀತಿಯ ಅಕ್ಕನಿಗೆ,

ಭಾವನ ಸುದ್ದಿ ಕೇಳಿ ಬೇಸರವಾಯಿತು. ಬಚ್ಚಲಿಗೆ ಒರಟು ಕಲ್ಲು ಹಾಕಿಸು. ಒಂದು ದಿನದ ಮಟ್ಟಿಗಾದರೂ ಬರಬೇಕೆಂದಿದ್ದೆ, ವರದಿಯೊಂದು ಕೊರಳಿಗೆ ಸುತ್ತಿಕೊಂಡಿದೆ.

ನೀನು ಕೇಳಿದ್ದಕ್ಕೆ ಸಿಟ್ಟು ಯಾಕೆ ಬರಬೇಕು? ಜನ ತಾವೇ ಕೂತು ತಮ್ಮ ಕಷ್ಟಕ್ಕೆ ತಾವೇ ದಾರಿ ಹುಡುಕಿಕೊಳ್ಳಬೇಕು ಎಂಬುದೇ ನಮ್ಮ ಆಸೆ. ಒಟ್ಟಿಗೆ ಡೀಸೆಲ್ ಕೊಳ್ಳುತ್ತೀರೋ, ಒಂದೇ ಗ್ಯಾರೇಜು ಇಟ್ಟುಕೊಳ್ಳುತ್ತೀರೋ, ಧಾರಾಳವಾಗಿ ಮಾಡಿ. ನೀವು ಮಾಡಿದ್ದನ್ನು ನಾನು ಮುಂದಿನ ಸಭೆಯಲ್ಲಿ ಹೇಳುತ್ತೇನೆ.

ನಿನ್ನ ತಮ್ಮ

ಆಗಸ್ಟ್ 19

ತಮ್ಮಾ,

ಜೊತೆಗಿರುವ ಫೋಟೋ ನೋಡು. ನಿಲ್ದಾಣದ ಗೋಡೆಗೆ ಹಾಕಿರುವ ಆ ಬೋರ್ಡು ನಮ್ಮದು. ಸಿನಿಮಾ ಮಂದಿರಕ್ಕೆ ಬರೆಯುವ ಪೇಂಟರನನ್ನು ಹಿಡಿದು ಬರೆಸಿದ್ದೇನೆ, ಅದಕ್ಕೇ ಅಕ್ಷರಗಳಿಗೆ ಅಷ್ಟು ಸೊಕ್ಕು. ಎಡಗಡೆ ಬಸ್ಸಿನ ಬಣ್ಣ, ನಡುವೆ ಹೊರಡುವ ಹೊತ್ತು, ಬಲಗಡೆ ದರ. ಕೆಳಗೆ ‘ಎಲ್ಲ ಮಾಲೀಕರ ಒಪ್ಪಿಗೆಯಂತೆ’ ಎಂಬ ಸಾಲು ನನ್ನದು. ಗಡಿಯಾರದಜ್ಜನನ್ನು ಮನೆಯಿಂದ ಕರೆತಂದು ಕೂರಿಸಿದ್ದೇವೆ, ಸಂಬಳ ನಾವೇ ಸೇರಿ ಕೊಡುತ್ತೇವೆ. ಅಜ್ಜ ಮೊದಲ ದಿನ ಗಡ್ಡ ಹೆರೆದುಕೊಂಡು, ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದರು. “ಸರ್ಕಾರ ಬೇಡ ಅಂತು, ನೀವು ಬೇಕು ಅಂದ್ರಿ” ಎಂದು ಕಣ್ಣು ಒರೆಸಿಕೊಂಡರು.

ಈಗ ಓಟವಿಲ್ಲ. ಇಪ್ಪತ್ತು ನಿಮಿಷಕ್ಕೊಂದು ಬಸ್ಸು, ಸ್ಟಾಪಿನಲ್ಲಿ ನಿಂತು, ಮುದುಕರನ್ನು ಹತ್ತಿಸಿಕೊಂಡು ಹೋಗುತ್ತದೆ. ನೀನು ‘ಮಾಡಿ’ ಎಂದು ಬರೆದ ಸಾಲನ್ನು ಮಾಲೀಕರ ಸಭೆಯಲ್ಲಿ ಗಟ್ಟಿಯಾಗಿ ಓದಿದೆ. ಆಮೇಲೆ ಯಾರೂ ಕಮಕ್ ಕಿಮಕ್ ಎನ್ನಲಿಲ್ಲ.

ಇನ್ನು ಮುಚ್ಚಿಡುವುದು ಯಾಕೆ, ನಿನ್ನ ಭಾವ ಬಿದ್ದದ್ದು ಬಚ್ಚಲಲ್ಲಲ್ಲ. ಜೂನ್ ಮೊದಲ ವಾರ, ಸೇತುವೆಯ ತಿರುವಿನಲ್ಲಿ ಶಿಳ್ಳೆ ಎಡಪಕ್ಕಕ್ಕೇ ನುಗ್ಗಿದ. ಜಾಗ ಬಿಡಲು ಹೋಗಿ ನಮ್ಮ ಬಸ್ಸು ಸೇತುವೆಯ ಕಟ್ಟೆಗೆ ಹೊಡೆಯಿತು. ಡ್ರೈವರ್ ಕಡೆಯ ತಗಡು ಒಳಗೆ ಬಂದು ಅವರ ಕಾಲನ್ನು ಹಿಡಿದುಕೊಂಡಿತು. ಕಟ್ಟೆ ಮುರಿಯದಿದ್ದದ್ದು ನಮ್ಮ ಪುಣ್ಯ. ನಿನಗೆ ಹೇಳಿದರೆ ನಿನ್ನ ಕಾನೂನಿನಿಂದಾಯಿತು ಎಂದು ಕೊರಗುತ್ತೀಯ ಎಂದು ಬಚ್ಚಲಿನ ಕಥೆ ಕಟ್ಟಿದೆ. ಈಗ ಎಲ್ಲ ಸರಿಹೋಗಿದೆ. ಸಭೆಯಲ್ಲಿ ಹೇಳುವಾಗ ಬೋರ್ಡಿನ ವಿಷಯ ಮರೆಯಬೇಡ.

ನಿನ್ನ ಅಕ್ಕ

ಆಗಸ್ಟ್ 30

ಅಕ್ಕನಿಗೆ,

ಸೇತುವೆಯ ವಿಷಯವನ್ನು ಎರಡೆರಡು ಸಲ ಓದಿದೆ. ಮೊದಲೇ ಹೇಳಬೇಕಿತ್ತು.

ಫೋಟೋ ಚೆನ್ನಾಗಿ ಬಂದಿದೆ. ಬೋರ್ಡಿನಲ್ಲಿ ಐದೇ ಬಸ್ಸುಗಳಿವೆ. ನೀಲಿ ಬಸ್ಸು ಎಲ್ಲಿ? ದರದ ಸಾಲನ್ನು ಸೇರಿಸಿದವರು ಯಾರು? ಎಲ್ಲಕ್ಕಿಂತ ಮುಖ್ಯವಾಗಿ, ಆ ಬೋರ್ಡನ್ನು ಸದ್ಯಕ್ಕೆ ಕೆಳಗಿಳಿಸಲು ಸಾಧ್ಯವೇ? ಯಾಕೆಂದು ಈಗ ಕೇಳಬೇಡ.

ನಿನ್ನ ತಮ್ಮ

ಸೆಪ್ಟೆಂಬರ್ 6

ತಮ್ಮನಿಗೆ,

ನಿನ್ನ ಕಾಗದ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿದೆ. ನಾನು ನೇರವಾಗಿ ಉತ್ತರ ಕೊಡುತ್ತೇನೆ.

ನೀಲಿ ಬಸ್ಸಿಗೆ ಬೋರ್ಡಿನಲ್ಲಿ ಜಾಗವಿಲ್ಲ. ಅವನು ಸಭೆಗೆ ಬಂದಿದ್ದ. “ನನಗೂ ಒಂದು ಸರದಿ ಕೊಡಿ, ಕೊನೇದಾದ್ರೂ ಆಗ್ಲಿ” ಎಂದ. ಈ ರಸ್ತೆಗೆ ಐದೇ ಬಸ್ಸು ಸಾಕು ಎಂದೆ. ಹೌದು, ಹೇಳಿದವಳು ನಾನೇ. ನಿನ್ನ ಭಾವನ ಕಾಲಿನ ಎಕ್ಸ್‌ರೇ ಕಿಟಕಿಗೆ ಹಿಡಿದು ನೋಡಿದವಳು ನಾನು, ನೀನಲ್ಲ. ಉಂಡ ಮನೆಗೆ ಎರಡು ಬಗೆದವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸರದಿ ಹಂಚಲೇ? ಈಗ ಅಜ್ಜ ಅವನ ಬಸ್ಸಿಗೆ ನಿಲ್ದಾಣದೊಳಗೆ ಜಾಗ ಬಿಡುವುದಿಲ್ಲ. ಗಿರಣಿಯ ಹಿಂದಿನ ಓಣಿಯಲ್ಲಿ ನಿಲ್ಲಿಸಿಕೊಂಡು ಕೂಗುತ್ತಾನೆ.

ದರದ ಸಾಲು ಎಲ್ಲರ ಒಪ್ಪಿಗೆಯದು. ಅಜ್ಜನ ಸಂಬಳ, ಡೀಸೆಲ್, ಟೈರು ಎಲ್ಲ ಲೆಕ್ಕ ಹಾಕಿ ಇಟ್ಟದ್ದು. ಹಳೆಯ ಸರ್ಕಾರಿ ದರಕ್ಕಿಂತ ಸ್ವಲ್ಪವೇ ಜಾಸ್ತಿ.

ಬೋರ್ಡು ಇಳಿಯುವುದಿಲ್ಲ. ಮಾಡಿ ಎಂದವನು ನೀನು.

ಅಕ್ಕ

ಸೆಪ್ಟೆಂಬರ್ 23

ಸ್ಪರ್ಧಾ ವಿಭಾಗ, ಸಾರಿಗೆ ಇಲಾಖೆ
ರಿಜಿಸ್ಟರ್ಡ್ ಅಂಚೆ ಮೂಲಕ

ಹಸಿರು ಬಸ್ಸಿನ ಮಾಲೀಕರಿಗೆ,

ತಾವು ಹಾಗೂ ಇತರ ನಾಲ್ವರು ಮಾಲೀಕರು ಪರಸ್ಪರ ಒಪ್ಪಂದದಿಂದ ಪ್ರಯಾಣ ದರವನ್ನು ನಿಗದಿಪಡಿಸಿ, ಹೊಸ ಮಾಲೀಕರೊಬ್ಬರು ಈ ಮಾರ್ಗದಲ್ಲಿ ವಾಹನ ನಡೆಸದಂತೆ ಅಡ್ಡಿಪಡಿಸಿರುವುದಾಗಿ ದೂರು ಬಂದಿದೆ. ಸದರಿ ಒಪ್ಪಂದವನ್ನು ಹಾಗೂ ಅದನ್ನು ಪ್ರದರ್ಶಿಸುವ ಫಲಕವನ್ನು ಏಕೆ ರದ್ದುಪಡಿಸಬಾರದು ಎಂಬುದಕ್ಕೆ ಅಕ್ಟೋಬರ್ 21ರಂದು ಈ ಕಚೇರಿಗೆ ಖುದ್ದಾಗಿ ಹಾಜರಾಗಿ ಸಮಜಾಯಿಷಿ ನೀಡತಕ್ಕದ್ದು. ಗೈರುಹಾಜರಾದಲ್ಲಿ ಏಕಪಕ್ಷೀಯವಾಗಿ ತೀರ್ಮಾನಿಸಲಾಗುವುದು.

ಸಹಿ
ಉಪನಿರ್ದೇಶಕ

ಸೆಪ್ಟೆಂಬರ್ 24

ಅಕ್ಕಾ,

ಈ ಕಾಗದ ನೋಟಿಸಿಗಿಂತ ಮೊದಲು ನಿನ್ನ ಕೈ ಸೇರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ. ರಿಜಿಸ್ಟರ್ಡ್ ಅಂಚೆ ಬೇಗ ಹೋಗುತ್ತದೆ ಎಂಬುದೂ ನನಗೆ ಗೊತ್ತು.

ಶಿಳ್ಳೆಯ ದೂರು ನಿನ್ನ ಫೋಟೋಗಿಂತ ಎರಡು ದಿನ ಮುಂಚೆ ನನ್ನ ಮೇಜಿಗೆ ಬಂದಿತ್ತು. ಈ ವಿಭಾಗದ ಮೊದಲ ಫೈಲು ಅದೇ. ದೂರಿನಲ್ಲಿ ಇದ್ದದ್ದು ಒಬ್ಬನ ಆರೋಪ, ಫೋಟೋದಲ್ಲಿ ಇದ್ದದ್ದು ಸಾಕ್ಷಿ. ಆ ಫೋಟೋ ಇನ್ನೂ ನನ್ನ ಮನೆಯಲ್ಲಿದೆ, ಫೈಲಿಗೆ ಸೇರಿಸಿಲ್ಲ. ಸೇರಿಸುವ ಅಗತ್ಯವೂ ಬರಲಿಲ್ಲ, ಗೋಡೆಯ ಮೇಲೆ ಮೊಳದುದ್ದದ ಅಕ್ಷರದಲ್ಲಿ ಬರೆಸಿದ್ದೀಯಲ್ಲ! ಬೇರೆ ಕಡೆ ಇಂಥದ್ದನ್ನು ಮಾಡುವವರು ಮುಚ್ಚಿದ ಕೋಣೆಯಲ್ಲಿ ಪಿಸುಗುಟ್ಟಿ ಮಾಡುತ್ತಾರೆ. ಒಪ್ಪಂದವನ್ನು ಪೇಂಟರನ ಕೈಲಿ ಬರೆಸಿ, ಒಪ್ಪಿದವರ ಬಣ್ಣವನ್ನೂ ಹಾಕಿಸಿ, ಅದನ್ನು ತಡೆಯಬೇಕಾದ ಅಧಿಕಾರಿಗೇ ಫೋಟೋ ಕಳಿಸಿದವಳು ನೀನೊಬ್ಬಳೇ ಇರಬೇಕು. ನಗಬೇಕೋ ಅಳಬೇಕೋ ತಿಳಿಯುತ್ತಿಲ್ಲ.

ಮಾಲೀಕರಲ್ಲಿ ಒಬ್ಬರು ನನ್ನ ಅಕ್ಕ, ನಾನು ಈ ಫೈಲು ನೋಡಲಾರೆ ಎಂದು ಮೊದಲ ದಿನವೇ ನಿರ್ದೇಶಕರಿಗೆ ಬರೆದುಕೊಟ್ಟೆ. ಹಾಗಾದರೆ ತಾವೇ ನೋಡುತ್ತೇನೆಂದರು. ಅವರ ಮಾತು ಹೀಗಿತ್ತು: “ಹೊತ್ತು ಹಂಚ್ಕೊಳ್ಳೋದೂ ಒಂದೇ, ಪೇಟೆ ಹಂಚ್ಕೊಳ್ಳೋದೂ ಒಂದೇ. ಬೋರ್ಡು ಪೂರ್ತಿ ಕೀಳ್ಸಿ.” ಪೂರ್ತಿ ಕಿತ್ತರೆ ಮಾರನೆಯ ದಿನ ಸೇತುವೆಯ ಮೇಲೆ ಏನಾಗುತ್ತದೆಂದು ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ಹಾಗಾದರೆ ನಾನೇ ನೋಡುತ್ತೇನೆಂದು ಹಟ ಹಿಡಿದೆ. ಕೊನೆಗೆ, ದೂರು ಕೊಟ್ಟವನಿಗೆ ಇದು ಒಪ್ಪಿಗೆಯೇ ಎಂದು ಶಿಳ್ಳೆಯನ್ನು ಕೇಳಿದರು. ಅವನು ‘ಅಕ್ಕನ ತಮ್ಮನೇ ವಿಚಾರಣೆ ಮಾಡಲಿ, ನನ್ನ ಅಭ್ಯಂತರವಿಲ್ಲ’ ಎಂದು ಬರೆದುಕೊಟ್ಟ. ಅದರಿಂದ ಫೈಲು ನನ್ನಲ್ಲೇ ಉಳಿಯಿತು.

ಅವನ ದೂರಿನಲ್ಲಿ ಇನ್ನೊಂದು ಸಾಲಿದೆ. ಸೇತುವೆಯ ತಿರುವಿನಲ್ಲಿ ತಾನೂ ನುಗ್ಗಿದ್ದು ತಪ್ಪು ಎಂದು ಒಪ್ಪಿಕೊಂಡಿದ್ದಾನೆ. ‘ಆದರೆ ಅಕ್ಕನವರೂ ಕಿಟಕಿಯಿಂದ ತಲೆ ಹೊರಗೆ ಹಾಕಿ, ಬಿಡಬೇಡಿ, ಹೊಡೀರಿ ಅಂತ ಕೂಗುತ್ತಿದ್ದರು’ ಎಂದು ಬರೆದಿದ್ದಾನೆ. ಇದು ನಿಜವೋ ಸುಳ್ಳೋ ನಾನು ಕೇಳುವುದಿಲ್ಲ.

ದಯವಿಟ್ಟು ವಿಚಾರಣೆಗೆ ಬಾ. ನೀನು ಬಾರದೆ ಹೋದರೆ ಆ ಬೋರ್ಡು ಯಾಕೆ ಹುಟ್ಟಿತು ಎಂದು ಹೇಳುವವರೇ ಇರುವುದಿಲ್ಲ.

ತಮ್ಮ

ಅಕ್ಟೋಬರ್ 29

ಅಕ್ಕಾ,

ಹಿಂದಿನ ಕಾಗದಕ್ಕೆ ಉತ್ತರ ಬರಲಿಲ್ಲ. ಇದಕ್ಕೂ ಬಾರದಿರಬಹುದು.

ನೀನು ಬಂದೆ. ನನ್ನ ಮೇಜಿನ ಆಚೆ ಕಡೆ, ಮಾಲೀಕರ ಸಾಲಿನಲ್ಲಿ ಕೊನೆಯ ಕುರ್ಚಿಯಲ್ಲಿ ಕೂತೆ. ಹೆಸರು, ಉದ್ಯೋಗ ಕೇಳುವುದು ನಿಯಮ, ಕೇಳಿದೆ. ನೀನು ಹೇಳಿದೆ. ಕೊನೆಗೆ “ಅಷ್ಟೇ ಸಾರ್” ಎಂದೆ. ನನಗೆ ಸ್ನಾನ ಮಾಡಿಸಿ, ತಲೆ ಬಾಚಿ, ಶಾಲೆಗೆ ಕಳಿಸಿದ ಬಾಯಿಂದ ‘ಸಾರ್’ ಕೇಳಿದ ಮೇಲೆ ಪೆನ್ನು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಟೀ ತರಿಸಿದೆ, ನೀನು ಮುಟ್ಟಲಿಲ್ಲ. ಜವಾನ ಲೋಟ ತೆಗೆದುಕೊಂಡು ಹೋಗುವಾಗ ಇನ್ನೂ ತುಂಬಿಯೇ ಇತ್ತು.

ಆದೇಶ ನಿನಗೆ ತಲುಪಿರುತ್ತದೆ. ಸಾರಾಂಶ ಇಷ್ಟು. ದರದ ಸಾಲನ್ನು ಅಳಿಸಬೇಕು, ದರ ಅವರವರ ಇಷ್ಟ. ಹೊರಡುವ ಹೊತ್ತಿನ ಸಾಲು ಇರಬಹುದು, ಯಾಕೆಂದರೆ ಅದು ಜನರ ಜೀವಕ್ಕಾಗಿ ಇರುವುದು. ಆದರೆ ಯಾವ ಬಸ್ಸನ್ನೂ ಹೊರಗಿಡುವಂತಿಲ್ಲ. ಆರನೆಯದಕ್ಕೂ ಸರದಿ ಕೊಡಬೇಕು, ಏಳನೆಯದು ಬಂದರೆ ಅದಕ್ಕೂ. ಟೈಂಕೀಪರನ ಸಂಬಳವನ್ನು ಇಲಾಖೆಯೇ ಕೊಡುತ್ತದೆ, ಹಾಗಾದರೆ ಅವರು ಯಾರ ಮಾತಿಗೂ ಕಟ್ಟುಬೀಳಬೇಕಾಗಿಲ್ಲ. ಈ ಕೊನೆಯ ಮಾತಿಗೆ ನಿರ್ದೇಶಕರು ಸಿಡುಕಿದರು. “ನೀವೇ ತೆಗೆದ ಹುದ್ದೆ ಅಲ್ವೇನ್ರೀ ಅದು?” ಎಂದರು. ಹೌದು, ನಾನೇ ತೆಗೆದದ್ದು ಎಂದೆ. ಮೂರು ದಿನ ಗುದ್ದಾಡಿದ ಮೇಲೆ ಸಹಿ ಹಾಕಿದರು. ಈಗ ನನ್ನ ಜೊತೆ ಮಾತು ಕಡಿಮೆ.

ಪೇಟೆಯನ್ನು ಬಿಟ್ಟುಬಿಡಿ ಎಂದು ಈಗಲೂ ಹೇಳುತ್ತೇನೆ. ಅದು ಇಲ್ಲದಿದ್ದರೆ ಗಿರಣಿಯ ಹೆಣ್ಣುಮಕ್ಕಳು ಇನ್ನೂ ನಡೆಯುತ್ತಿದ್ದರು, ಶಿಳ್ಳೆ ಇನ್ನೂ ಕಂಡಕ್ಟರನಾಗಿಯೇ ಇರುತ್ತಿದ್ದ. ಆದರೆ ಭಾವ ಕೇಳಿದ ಪ್ರಶ್ನೆಗೆ ಪೇಟೆಯ ಹತ್ತಿರ ಉತ್ತರವಿರಲಿಲ್ಲ. ನಾನು ಇದೆ ಎಂದು ಒಂದೇ ಸಾಲಿನಲ್ಲಿ ಬರೆದುಬಿಟ್ಟೆ. ನೀವು ಉತ್ತರ ಹುಡುಕಿಕೊಂಡಿರಿ, ಜೊತೆಗೆ ಬಾಗಿಲನ್ನೂ ಹಾಕಿಕೊಂಡಿರಿ. ಬಟ್ಟೆ ಒಣಗಿಸಿದ ಬಸ್ಸಿನವಳೇ ‘ಐದೇ ಸಾಕು’ ಎಂದದ್ದನ್ನು ಓದಿ ನನಗೆ ಸಿಟ್ಟಿಗಿಂತ ಭಯವಾಯಿತು. ಒಳಗೆ ಹೋದವರೆಲ್ಲ ಹೀಗೆಯೇ ಆಗುತ್ತಾರೆಂದಾದರೆ ಹೊರಗೆ ನಿಂತು ನೋಡುವವನೊಬ್ಬ ಬೇಕೇ ಬೇಕು.

ಇದೆಲ್ಲ ಸರಿ. ನನಗೆ ನಿದ್ದೆ ಬರುತ್ತಿಲ್ಲ ಎಂಬುದೂ ಅಷ್ಟೇ ನಿಜ. ಬೈದಾದರೂ ಒಂದು ಸಾಲು ಬರೆ.

ತಮ್ಮ

ಡಿಸೆಂಬರ್ 14

ತಮ್ಮಾ,

ಬರೆಯಬಾರದು ಎಂದೇ ಇದ್ದೆ. ನಿನ್ನ ಭಾವ ಬಿಡಲಿಲ್ಲ. “ಅವ್ನು ಕೆಟ್ಟವನಲ್ಲ, ದೂರ ಇದಾನೆ ಅಷ್ಟೆ” ಎಂದರು. ಅವರ ಲೆಕ್ಕದಲ್ಲಿ ಇದು ಒಂದು ವರ್ಷಕ್ಕಾಗುವಷ್ಟು ಮಾತು.

ಆದೇಶ ಬಂದ ಮಾರನೆಯ ದಿನ ಅದೇ ಪೇಂಟರನನ್ನು ಕರೆಸಿದೆ. ದರದ ಸಾಲಿನ ಮೇಲೆ ಬಿಳಿ ಬಣ್ಣ ಬಳಿದು, ಕೆಳಗೆ ನೀಲಿಯನ್ನು ಬರೆದ. ಅದರ ಮಾರನೆಯ ದಿನವೇ ಶಿಳ್ಳೆ ದರ ಇಳಿಸಿದ. ಜನ ನನ್ನ ಬಸ್ಸನ್ನು ಬಿಟ್ಟು ಅವನಿಗೆ ಕಾಯತೊಡಗಿದರು. ಆ ವಾರ ನಿನಗೆ ಹಾಕಿದ ಶಾಪಗಳನ್ನು ಬರೆದರೆ ಈ ಕಾಗದಕ್ಕೆ ಸ್ಟಾಂಪು ಸಾಲದು. ಕೊನೆಗೆ ನಾನೂ ಇಳಿಸಿದೆ. ಹೊಟ್ಟೆಗೆ ಸಾಲುತ್ತದೆ, ಅದಕ್ಕಿಂತ ಹೆಚ್ಚು ಉಳಿಯುವುದಿಲ್ಲ. ಹಳೆಯವರಲ್ಲಿ ಒಬ್ಬರು ಬಸ್ಸು ಮಾರಿ ರಸ್ತೆಯನ್ನೇ ಬಿಟ್ಟರು. ಅವರ ವಯಸ್ಸಿನಲ್ಲಿ ಅವರಿಗೆ ಬೇರೆ ಕೆಲಸ ಗೊತ್ತಿಲ್ಲ, ಇದನ್ನೂ ನಿನ್ನ ವರದಿಯಲ್ಲಿ ಬರೆದುಕೋ. ಆದರೆ ಓಟವಿಲ್ಲ. ಅಜ್ಜ ಕೈ ತೋರಿಸುವವರೆಗೆ ಯಾವ ಚಕ್ರವೂ ಉರುಳುವುದಿಲ್ಲ. ಇಷ್ಟು ದಿನ ಓಡಿಸಿದ ಬಾಡಿಗೆ ಡ್ರೈವರನನ್ನು ಬಿಡಿಸಿ, ಭಾವ ಮೊನ್ನೆ ಸೋಮವಾರದಿಂದ ಮತ್ತೆ ಸ್ಟಿಯರಿಂಗ್ ಹಿಡಿದಿದ್ದಾರೆ. ಕಾಲು ಸ್ವಲ್ಪ ಎಳೆಯುತ್ತದೆ. ಸೇತುವೆ ಬಂದಾಗ ಮಾತ್ರ ನಾನು ಇನ್ನೂ ಕಣ್ಣು ಮುಚ್ಚುತ್ತೇನೆ.

ಶಿಳ್ಳೆ ಮನೆಗೆ ಬಂದಿದ್ದ. ಬಾಗಿಲಲ್ಲೇ ನಿಂತ. ಭಾವ, “ಒಳಗೆ ಬಾರೋ, ಅಲ್ಲೇ ಬ್ರೇಕ್ ಹಾಕ್ಬೇಡ” ಎಂದರು. ಅವನು ಅವರ ಕಾಲಿನ ಹೊಲಿಗೆಯ ಗುರುತು ನೋಡಿ ತಲೆ ತಗ್ಗಿಸಿದ. ಆಮೇಲೆ ನನ್ನ ಕಡೆ ತಿರುಗಿ, “ಅಕ್ಕ, ನಾನು ದೂರು ಕೊಟ್ಟಿದ್ದು ನಿಮ್ಮ ಮೇಲಲ್ಲ, ಬೋರ್ಡಿನ ಮೇಲೆ” ಎಂದ.

“ಬೋರ್ಡು ಬರ್ಸಿದ್ದು ನಾನೇ ಕಣೋ” ಎಂದೆ.

“ಗೊತ್ತು. ಅಕ್ಷರ ಚೆನ್ನಾಗಿತ್ತು” ಎಂದ. ಭಾವ ನಕ್ಕುಬಿಟ್ಟರು. ನನಗೂ ತಡೆಯಲಾಗಲಿಲ್ಲ. ಊಟ ಮಾಡಿಸಿಯೇ ಕಳಿಸಿದೆ. ಅವನು ಬರೆದ ಆ ಸಾಲು ನಿಜ, ತಮ್ಮಾ. ಕೂಗಿದ್ದೆ.

ಆದ್ದರಿಂದ ಅಧಿಕಾರಿಯ ಮೇಲೆ ನನಗೆ ಸಿಟ್ಟಿಲ್ಲ. ಅವನು ಮಾಡಿದ್ದು ಸರಿ. ನನಗೆ ನೋವಾದರೂ ಸರಿ. ಸಿಟ್ಟಿರುವುದು ತಮ್ಮನ ಮೇಲೆ. ಭಾವನ ಕಾಲು ಮುರಿಯಿತೆಂದು ಜೂನ್‌ನಲ್ಲಿ ಬರೆದೆ. ಬಚ್ಚಲೋ ಸೇತುವೆಯೋ, ಮುರಿದದ್ದಂತೂ ನಿಜ ತಾನೆ? ನೀನು ಒರಟು ಕಲ್ಲು ಹಾಕಿಸು ಎಂದೆ. ಒಂದು ಸಲ ಈ ಮನೆಯೊಳಗೆ ಬಂದಿದ್ದರೆ ನಾನು ಸುಳ್ಳು ಬರೆದಿದ್ದೇನೆಂದು ನಿನಗೆ ಗೊತ್ತಾಗುತ್ತಿತ್ತು. ಅವರ ಮುಖ ನೋಡಿದ್ದರೆ ಗೊತ್ತಾಗುತ್ತಿತ್ತು, ಬಸ್ಸು ನೋಡಿದ್ದರೆ ಗೊತ್ತಾಗುತ್ತಿತ್ತು. ಫೈಲು ನಿನ್ನ ಮೇಜಿಗೆ ಬಂದಾಗಲೂ ನೀನು ಅದರ ವಿಷಯ ಹೇಳಬೇಕಾಗಿರಲಿಲ್ಲ, ಬಾಯಿ ಮುಚ್ಚಿಕೊಂಡು ಬಂದು ಭಾವನ ಮಂಚದ ಹತ್ತಿರ ಒಂದು ಗಳಿಗೆ ಕೂತಿದ್ದರೆ ಸಾಕಿತ್ತು. ಅದಕ್ಕೆ ಯಾವ ಕಾನೂನು ಅಡ್ಡ ಬರುತ್ತಿತ್ತು? ಪೇಟೆಯನ್ನು ಅದರಷ್ಟಕ್ಕೆ ಬಿಡು ಎಂದು ಓದಿ ಓದಿ ಅಕ್ಕನನ್ನೂ ಅವಳಷ್ಟಕ್ಕೆ ಬಿಟ್ಟೆ. ನಾನು ಮೂರು ತಿಂಗಳು ಒಬ್ಬಳೇ ಆ ಕಾಲಿಗೆ ಎಣ್ಣೆ ಹಚ್ಚಿದ್ದೇನೆ. ನೀನು ನನ್ನ ಮಗನ ಹಾಗೆ ಬೆಳೆದವನು. ಅದಕ್ಕೇ ಆ ದಿನ ನಿನ್ನ ಟೀ ಮುಟ್ಟಲಿಲ್ಲ.

ಇನ್ನು ಕಾಗದ ಬರೆಯಬೇಡ, ಬಾ. ರಜೆ ಸಿಗಲಿಲ್ಲ ಎಂದರೆ ನಿನ್ನ ನಿರ್ದೇಶಕರಿಗೆ ನಾನೇ ಬರೆಯುತ್ತೇನೆ, ಬೇಕಾದರೆ ಬೋರ್ಡು ಬರೆಸಿ ಕಳಿಸುತ್ತೇನೆ.

ಬೆಳಗಿನ ರೈಲಿಗೆ ಇಳಿದರೆ ಹೊರಗೆ ಬಸ್ಸು ನಿಂತಿರುತ್ತದೆ. ಹಸಿರು ಬಸ್ಸು ಎಲ್ಲಿ ಎಂದು ಹುಡುಕುತ್ತಾ ಕಾಯಬೇಡ. ಯಾರ ಸರದಿಯೋ ಅದನ್ನೇ ಹತ್ತು. ನೀಲಿಯದಾದರೆ ನೀಲಿಯದೇ. ಅಕ್ಕನ ಮನೆ ಎಂದರೆ ಸಾಕು, ಇಳಿಸುತ್ತಾನೆ.

ಅಕ್ಕ